ಕೆಂಚನಿಗೆ ಹಚ್ಚಬಾರದಿದ್ದ ಸೊಪ್ಪು

ಕಬ್ಬು ಕಡಿಯುವ ಸುಗ್ಗಿ ಬಂತೆಂದರೆ ನಮ್ಮೂರಲ್ಲಿ ಗಾಯವಿಲ್ಲದ ಕಾಲು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಥ ದಿನಗಳು ಅವು. ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಕಾಲುವೆಯ ದಂಡೆಗೆ ಅಂಟಿಕೊಂಡಂತೆ ನಮ್ಮೂರಿತ್ತು. ಮನೆಯ ಹಿಂದೆ ಕಬ್ಬು, ಮುಂದೆ ಕಬ್ಬು, ನಡುವೆ ಒಂದು ಬೇವಿನ ಮರ. ಕಡಿದ ಕಬ್ಬಿನ ಬುಡ ನೆಲದ ಮೇಲೆ ಚೂಪಾಗಿ ಉಳಿಯುತ್ತದೆ. ಅದನ್ನು ಕೂಳೆ ಎನ್ನುತ್ತಾರೆ. ನಾವು ಮಕ್ಕಳು ಬರಿಗಾಲಲ್ಲಿ ಅದರ ಮೇಲೆಯೇ ಮುಟ್ಟಾಟ ಆಡುತ್ತಿದ್ದೆವು. ಓಡುವಾಗ ಕೂಳೆ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ನಿಂತಾಗ ಗೊತ್ತಾಗುತ್ತಿತ್ತು.

ಚುಚ್ಚಿಸಿಕೊಂಡವರು ಅಳುತ್ತ ಬರುತ್ತಿದ್ದದ್ದು ನಮ್ಮ ಮನೆಗೆ, ನನ್ನ ಅಜ್ಜಿಯ ಹತ್ತಿರ. ಅಜ್ಜಿ, ಅಂದರೆ ಅಪ್ಪನ ತಾಯಿ, ಕಾಲುವೆ ದಂಡೆಯಲ್ಲಿ ನೆಲಕ್ಕೆ ಹರಡಿಕೊಂಡು ಬೆಳೆಯುತ್ತಿದ್ದ ಒಂದು ಸೊಪ್ಪನ್ನು ತರುತ್ತಿದ್ದಳು. ಒರಟು ಎಲೆ, ಉದ್ದ ದೇಟಿನ ತುದಿಗೆ ಹಳದಿ ನಡುವಿನ ಸಣ್ಣ ಹೂವು. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ, ನಮಗೆ ಅದು ಗಾಯದ ಸೊಪ್ಪು. ಅಂಗೈಯಲ್ಲಿ ಉಜ್ಜಿ, ಮುಷ್ಟಿ ಬಿಗಿದು, ಹಸಿರು ರಸವನ್ನು ಗಾಯದೊಳಗೆ ಹನಿಸುತ್ತಿದ್ದಳು. ಬೆಂಕಿ ಇಟ್ಟಂತೆ ಉರಿಯುತ್ತಿತ್ತು. ಚೀರಿದರೆ, “ಮೆಲ್ಲಕ ಅಳು, ಸೊಪ್ಪು ಅಂಜತೈತಿ” ಎನ್ನುವಳು. ಆಮೇಲೆ ಹಳೆಯ ಸೀರೆಯ ಪಟ್ಟಿ ಕಟ್ಟಿ, ಕೈಗೆ ಒಂದು ಚೂರು ಬೆಲ್ಲ ಕೊಟ್ಟು ಕಳಿಸುವಳು. ಆ ಬೆಲ್ಲಕ್ಕೂ ಸೊಪ್ಪಿನ ವಾಸನೆ ಹತ್ತಿರುತ್ತಿತ್ತು.

ನಾನು ಹೇಳಹೊರಟಿರುವುದು ಒಂದು ಸುಗ್ಗಿಯ ಕತೆ. ಆಗ ನಾನು ನಾಲ್ಕನೆಯ ಇಯತ್ತೆ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆ ಬೇರೆಯಾಗಿಯೇ ಹೇಳಲು ಪ್ರಯತ್ನಿಸುತ್ತೇನೆ. ಯಾಕೆಂದರೆ ಆ ಸುಗ್ಗಿಯಲ್ಲಿ ಏನು ನಡೆಯಿತೆಂಬುದು ನನಗೆ ಗೊತ್ತು. ಅದರ ಅರ್ಥ ಏನೆಂಬುದು ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ಅವ್ವನ ತಮ್ಮ ಪಂಪಣ್ಣಮಾವ ನಮ್ಮ ಮನೆಗೆ ಬಂದಿದ್ದ. ಬಳ್ಳಾರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದವನು. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಜೇಬಿನಲ್ಲಿ ಏನಾದರೊಂದು ಎಲೆ. ಸಂಡೂರಿನ ಗುಡ್ಡಗಳಲ್ಲಿ ತಿರುಗಿ, ಗಣಿಯ ಲಾರಿ ಹತ್ತಿ ಬಂದು, ಮೈಯೆಲ್ಲ ಕೆಂಪು ಧೂಳಾಗಿ ನಮ್ಮ ಅಂಗಳದಲ್ಲಿ ಇಳಿದಿದ್ದ. ಹಳ್ಳಿಯವರು ಗಾಯಕ್ಕೆ ಹಚ್ಚುವ ಸೊಪ್ಪುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ ಎಂದು ನೋಡುವುದು ಅವನ ಆ ವರ್ಷದ ಹುಚ್ಚು.

“ಅತ್ತೀ, ಈ ಗಿಡ ನಮ್ಮ ದೇಶದ್ದೇ ಅಲ್ಲರಿ. ಸಮುದ್ರದ ಆಚೆಯಿಂದ ಬಂದೈತಿ” ಎಂದು ಮೊದಲ ದಿನವೇ ಅಜ್ಜಿಗೆ ಹೇಳಿದ.

ಅಜ್ಜಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ನಾನೂ ಸಂಡೂರಿಂದ ಬಂದೋಳಪಾ. ಬಂದ ಮ್ಯಾಲೆ ಈ ಮನಿಯಾಕಿ ಆಗಲಿಲ್ಲೇನು?”

ಮಾವ ಮೊದಲು ಎರಡು ಬಟ್ಟಲಲ್ಲಿ ಗಂಜಿ ಇಟ್ಟ. ಒಂದಕ್ಕೆ ಸೊಪ್ಪಿನ ರಸ ಹಿಂಡಿದ, ಇನ್ನೊಂದಕ್ಕೆ ಇಲ್ಲ. ಗಾಯ ಕೊಳೆಯುವುದೂ ಗಂಜಿ ಕೆಡುವುದೂ ಕಣ್ಣಿಗೆ ಕಾಣದ ಜೀವಿಗಳಿಂದಲೇ ಎಂದು ನನಗೆ ಹೇಳಿಕೊಟ್ಟ. ಕೆಲವು ದಿನಗಳಲ್ಲಿ ರಸವಿಲ್ಲದ ಬಟ್ಟಲಲ್ಲಿ ಹತ್ತಿಯಂಥ ಬೂಸ್ಟು ಎದ್ದಿತು, ರಸವಿದ್ದದ್ದರಲ್ಲಿ ಕಡಿಮೆ. ಮಾವ ಅದನ್ನು ಎತ್ತಿಕೊಂಡು ಮನೆಯೆಲ್ಲ ತಿರುಗಿದ. ಅಜ್ಜಿ ಎರಡನ್ನೂ ಮೂಸಿ, “ಎರಡೂ ಹಳಸ್ಯಾವ” ಎಂದಳು. ಅವ್ವ, “ನನ್ನ ಎರಡು ಬಟ್ಟಲ ಹಾಳಾದ್ವು ನೋಡು, ಅದು ಖರೇ” ಎಂದಳು.

ಗಂಜಿ ಬೇರೆ, ಮೈ ಬೇರೆ ಎಂದು ಮಾವನಿಗೂ ಗೊತ್ತಿತ್ತು. ಆಗ ಅವನ ಕಣ್ಣು ನಮ್ಮ ಎತ್ತುಗಳ ಮೇಲೆ ಬಿತ್ತು.

ಅಪ್ಪನಿಗೆ ಒಂದು ಜೋಡಿ ಎತ್ತಿದ್ದವು. ಮೈಮೇಲೆ ಕಪ್ಪು ಮಚ್ಚೆಯದು ಹಂಡ, ಕೆಂಬಣ್ಣದ್ದು ಕೆಂಚ. ಕಬ್ಬಿನ ಗಾಡಿ ಎಳೆದೂ ಎಳೆದೂ ಎರಡರ ಹೆಗಲೂ ನೊಗಕ್ಕೆ ತಿಕ್ಕಿ ಹುಣ್ಣಾಗಿತ್ತು. ಬೆಲ್ಲದ ಗಾಣದಲ್ಲಿ ನಮ್ಮ ಪಾಳಿ ಬರುವುದು ಇನ್ನೂ ತಡವಿತ್ತಾದ್ದರಿಂದ ಅಪ್ಪ ಎರಡನ್ನೂ ಕೊಟ್ಟಿಗೆಯಲ್ಲೇ ಬಿಟ್ಟಿದ್ದ. ಒಂದೇ ವಯಸ್ಸು, ಒಂದೇ ಮೇವು, ಒಂದೇ ಜಾಗದಲ್ಲಿ ಒಂದೇ ಥರದ ಹುಣ್ಣು. ಮಾವ ಕುಣಿಯುವುದೊಂದು ಬಾಕಿ. ಹಂಡನಿಗೆ ಸೊಪ್ಪು ಹಚ್ಚುವುದು, ಕೆಂಚನ ಹುಣ್ಣನ್ನು ಬರೀ ನೀರಲ್ಲಿ ತೊಳೆದು ಬಿಡುವುದು, ಯಾವುದು ಬೇಗ ಮಾಯುತ್ತದೆಂದು ನೋಡುವುದು: ಇದು ಅವನ ಏರ್ಪಾಟು. ಹುಣ್ಣಿನ ಅಗಲವನ್ನು ದಾರದಿಂದ ಅಳೆದು, ಅಷ್ಟುದ್ದಕ್ಕೆ ಕತ್ತರಿಸಿ, ಹಂಡನದು ಕಪ್ಪು ದಾರ, ಕೆಂಚನದು ಬಿಳಿ ದಾರ ಎಂದು ಕೊಟ್ಟಿಗೆಯ ಮೊಳೆಗೆ ಕಟ್ಟುತ್ತಿದ್ದ.

“ಕೆಂಚಗ ಯಾರೂ ಏನೂ ಹಚ್ಚಬ್ಯಾಡ್ರಿ. ಹಚ್ಚಿದ್ರ ಎಲ್ಲಾ ಕೆಡ್ತೈತಿ” ಎಂದು ಎಲ್ಲರನ್ನೂ ನಿಲ್ಲಿಸಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ದನ ನೋಡಿಕೊಳ್ಳುತ್ತಿದ್ದ ಹುಲಿಗೆಪ್ಪ ಎಲ್ಲರಿಗಿಂತ ಜೋರಾಗಿ ಆಡಿಸಿದ.

ನಮ್ಮಲ್ಲಿ ಜೋಡಿ ಎತ್ತಿಗೆ ಭೇದ ಮಾಡುವುದಿಲ್ಲ. ಒಂದಕ್ಕೆ ಹಿಂಡಿ ಇಟ್ಟರೆ ಇನ್ನೊಂದಕ್ಕೂ ಇಡಬೇಕು. ಹಂಡನಿಗೆ ಹೊಟ್ಟೆ ಉಬ್ಬರಿಸಿದರೆ, ಏನೂ ಆಗದ ಕೆಂಚನೂ ಕಷಾಯ ಕುಡಿಯಬೇಕಿತ್ತು. ಇದು ಮಾವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವನೂ ಹೊಲದ ಮನೆಯಲ್ಲೇ ಬೆಳೆದವನು. ಹೇಳಿದರೆ ಸಾಕು ಎಂದುಕೊಂಡಿದ್ದ.

ಇದೆಲ್ಲ ನಡೆಯುತ್ತಿರುವಾಗಲೇ ಅಪ್ಪನ ಕಾಲಿಗೆ ಕೂಳೆ ಚುಚ್ಚಿತ್ತು. ಬಲಗಾಲಿನ ಹೆಬ್ಬೆರಳ ಕೆಳಗೆ. ಟೈರಿನ ಚಪ್ಪಲಿಯಲ್ಲಿ ಮುಚ್ಚಿಕೊಂಡು ಓಡಾಡಿದ. ಅಜ್ಜಿಗೆ ಗೊತ್ತಾದ ಮೇಲೆ ಸೊಪ್ಪು ಹಚ್ಚಿದಳು. ಊರ ಮಕ್ಕಳೆಲ್ಲ ಒಂದು ವಾರದೊಳಗೆ ಪಟ್ಟಿ ಬಿಚ್ಚಿ ಓಡುತ್ತಿದ್ದರು. ಅಪ್ಪನ ಗಾಯ ಮಾತ್ರ ಬಾಯಿ ಮುಚ್ಚಲಿಲ್ಲ. ಸುತ್ತ ಊದಿಕೊಂಡು ಮಿರುಗತೊಡಗಿತು. ಅಜ್ಜಿ ದಿನವೂ ಹೊಸ ಸೊಪ್ಪು ತರುವಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ನೇರವಾಗಿ ಹೇಳಿದ. “ಭಾವ, ಇದು ಸೊಪ್ಪಿಗೆ ಬಗ್ಗೋದಲ್ಲ. ನಾಳೆ ಹೊಸಪೇಟಿ ದವಾಖಾನಿಗೆ ಹೋಗೋಣು.”

“ದವಾಖಾನಿಗೆ ಹೋದ್ರ ಮಲಗಿಸಿಕೋತಾರ. ಗಾಣದ ಪಾಳಿ ಬಿಟ್ಟು ನಾನು ಅಲ್ಲಿ ಮಲಗಲೇನು?”

“ಪಾಳಿ ನಾನು ನೋಡ್ಕೋತೀನಿ.”

“ನೀನಾ?” ಅಪ್ಪ ನಕ್ಕ. “ಬೆಲ್ಲದಾಗೂ ಎರಡು ಬಟ್ಟಲಾ ಇಡ್ತೀಯೇನು?”

ಅವ್ವ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕುತ್ತ, “ನಗಬ್ಯಾಡ್ರಿ, ಆತ ಹೇಳೋದು ಕೇಳ್ರಿ” ಎಂದಳು. ಆಗ ಅಪ್ಪ ಆಡಿದ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದ್ದೇನೆ.

“ಆತಪಾ ಡಾಕ್ಟ್ರೇ. ನಿನ್ನ ಎತ್ತಿಂದು ತೀರ್ಮಾನ ಆಗ್ಲಿ. ಸೊಪ್ಪು ಖರೇ ಅಂತಾದ್ರ ನಾನು ಸೊಪ್ಪಿಗೇ ಇರ್ತೀನಿ. ಸುಳ್ಳು ಅಂತಾದ್ರ ಅವತ್ತೇ ನಿನ್ನ ಜೋಡಿ ಬಸ್ ಹತ್ತತೀನಿ. ಮಾತು ತಪ್ಪಂಗಿಲ್ಲ.”

“ಎತ್ತಿನ ಹೆಗಲಿಗೂ ನಿಮ್ಮ ಕಾಲಿಗೂ ಏನು ಸಂಬಂಧ ಭಾವ?” ಎಂದು ಮಾವ ಕೇಳಿದ. ಕೇಳಿದರೂ ಒಪ್ಪಿಕೊಂಡ. ಬೇರೆ ಯಾವುದಕ್ಕೂ ಅಪ್ಪ ಮಣಿಯುವವನಲ್ಲ. ಹೀಗಾದರೆ ತೀರ್ಮಾನಕ್ಕೆ ಒಂದು ದಿನವಾದರೂ ನಿಗದಿಯಾಗುತ್ತದೆ ಎಂದು ಎಣಿಸಿದನೇನೋ. ಅಂದಿನಿಂದ ಮನೆಯಲ್ಲಿ ಎಲ್ಲರೂ ಕೊಟ್ಟಿಗೆಯ ಕಡೆಗೇ ನೋಡುವಂತಾಯಿತು. ನಾನೂ ಶಾಲೆಯಿಂದ ಬಂದವಳೇ ದಾರಗಳನ್ನು ನೋಡುತ್ತಿದ್ದೆ. ಕಪ್ಪು ದಾರ ಗಿಡ್ಡವಾಗುತ್ತಿತ್ತು. ಬಿಳಿಯದೂ ಗಿಡ್ಡವಾಗುತ್ತಿತ್ತು. ಯಾವುದು ಗೆಲ್ಲಬೇಕೆಂದು ಬೇಡಿಕೊಳ್ಳುವುದೆಂದು ನನಗೆ ತಿಳಿಯಲಿಲ್ಲ. ಕಪ್ಪು ಗೆದ್ದರೆ ಅಜ್ಜಿ ಗೆದ್ದಂತೆ. ಬಿಳಿ ಅದಕ್ಕೆ ಸಮನಾದರೆ ಅಪ್ಪ ದವಾಖಾನೆಗೆ ಹೋಗುತ್ತಾನೆ.

ಕೊನೆಯ ಅಳತೆಯ ದಿನ ಬೆಳಿಗ್ಗೆ ಎಲ್ಲರೂ ಕೊಟ್ಟಿಗೆಯಲ್ಲಿ ಸೇರಿದೆವು. ಸಗಣಿಯ ವಾಸನೆ, ಒದ್ದೆ ಹುಲ್ಲಿನ ವಾಸನೆ, ಜೊತೆಗೆ ಅಪ್ಪನ ಕಾಲಿನಿಂದ ಬರುತ್ತಿದ್ದ, ಯಾರೂ ಹೆಸರಿಸದ ಇನ್ನೊಂದು ವಾಸನೆ. ಮಾವ ಹಂಡನನ್ನು ಅಳೆದ. ಕೆಂಚನನ್ನು ಅಳೆದ. ಎರಡು ದಾರಗಳನ್ನು ಅಂಗೈ ಮೇಲೆ ಜೊತೆಯಾಗಿ ಇಟ್ಟ. ಸಣ್ಣ ಚೂರುಗಳು. ಎರಡೂ ಒಂದೇ ಉದ್ದ.

ಮಾವನ ಮುಖದಲ್ಲಿ ಆಗ ಇದ್ದದ್ದು ಸೋಲೋ ಸಮಾಧಾನವೋ ಹೇಳಲಾರೆ. ಎರಡೂ ಇದ್ದವೇನೋ. “ಸೊಪ್ಪಿನಿಂದ ಏನೂ ಆಗಿಲ್ಲ” ಎಂದ. “ಹಚ್ಚಿದ್ದೂ ಮಾಯೈತಿ, ಹಚ್ಚದಿದ್ದದ್ದೂ ಮಾಯೈತಿ. ತಮ್ಮಷ್ಟಕ್ಕ ತಾವೇ ಮಾಯ್ತಿದ್ವು. ನಡೀರಿ ಭಾವ, ಹತ್ತೂವರಿ ಬಸ್ ಸಿಗ್ತೈತಿ.”

ಅಪ್ಪ ಮಾತು ತಪ್ಪುವವನಲ್ಲ. “ಗೌರೀ, ಅಂಗಿ ತಾರವ್ವಾ” ಎಂದ. ನಾನು ಓಡಿಹೋಗಿ ಗೂಟದ ಮೇಲಿನ ಬಿಳಿ ಅಂಗಿ ತಂದೆ. ಅಪ್ಪ ಒಂದು ತೋಳು ಹಾಕಿದ.

ಆಗ ಅಜ್ಜಿ ಹೇಳಿದಳು: “ಕೆಂಚಗೂ ನಾನು ಹಚ್ಚೀನಿ.”

ಅಜ್ಜಿ ಕೆಂಚನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅಪ್ಪನ ಕಡೆ ನೋಡುತ್ತಿರಲಿಲ್ಲ, ಮಾವನ ಕಡೆ ನೋಡುತ್ತಿದ್ದಳು. “ದಿನಾ ಹಚ್ಚೀನಿ. ಹಂಡಗ ಹಚ್ಚುವಾಗ ಇದು ಕುತ್ತಿಗಿ ಚಾಚಿ ನೋಡ್ತಿತ್ತಪಾ. ಬಾಯಿಲ್ಲದ್ದು. ಒಂದಕ್ಕ ಹಾಕಿ ಒಂದಕ್ಕ ಬಿಡಾಕ ನನ್ನ ಕೈ ಬರಲಿಲ್ಲ.”

“ಅತ್ತೀ…” ಎಂದ ಮಾವ.

ಆಮೇಲೆ ಅವ್ವ ಬಾಯಿಬಿಟ್ಟಳು. ಅವಳು ಅರಿಶಿನ ಎಣ್ಣೆ ಹಚ್ಚಿದ್ದಳು. ಅದೂ ಎರಡಕ್ಕೂ. ಹಂಡನಿಗೆ ಯಾಕೆ ಎಂದರೆ, ಕೆಂಚನಿಗೆ ಹಚ್ಚಿದ ಮೇಲೆ ಹಂಡನಿಗೆ ಬಿಡುವುದು ಹೇಗೆ? ಹುಲಿಗೆಪ್ಪ ತಲೆ ಕೆರೆದುಕೊಳ್ಳುತ್ತ, “ನಾ ಏನೂ ಹಚ್ಚಿಲ್ಲರೀ. ಬರೇ ಬೇವಿನ ನೀರಿನಾಗ ತೊಳದೀನಿ” ಎಂದ. ಎಲ್ಲರೂ ಅಪ್ಪನ ಕಡೆ ತಿರುಗಿದೆವು. ಅಪ್ಪ ಒಂದೇ ತೋಳಿನ ಅಂಗಿಯಲ್ಲಿ ನಿಂತು, “ನನ್ನ ಯಾಕ ನೋಡ್ತೀರಿ? ಸೀತಾಫಲದ ಎಲಿ ಅರದು ಹಚ್ಚಿದ್ದೆ. ನೊಣಾ ಕುಂದ್ರತಿದ್ವು” ಎಂದ.

ಮೊದಲು ನಕ್ಕದ್ದು ಅವ್ವ. ಆಮೇಲೆ ಎಲ್ಲರೂ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಾವ ಒಬ್ಬನೇ ನಗಲಿಲ್ಲ. ಅಂಗೈಯ ಮೇಲಿನ ದಾರಗಳನ್ನು ಇನ್ನೂ ನೋಡುತ್ತಿದ್ದ.

“ಹಂಗಾದ್ರ ಸೊಪ್ಪು ಖರೇನೋ ಸುಳ್ಳೋ?” ಅಪ್ಪ ಕೇಳಿದ.

“ಏನೂ ಹೇಳಾಕ ಬರಂಗಿಲ್ಲ ಭಾವ.”

“ಸುಳ್ಳು ಅಂತ ಹೇಳಾಕ ಬರ್ತೈತೇನು?”

ಮಾವ ಸುಳ್ಳು ಹೇಳಬಹುದಿತ್ತು. ಅವನಿಗೆ ಅದು ಆ ಕ್ಷಣ ಹೊಳೆಯಿತೋ ಇಲ್ಲವೋ ನನಗೆ ತಿಳಿಯದು. “ಇಲ್ಲ” ಎಂದ. “ಅದನ್ನೂ ಹೇಳಾಕ ಬರಂಗಿಲ್ಲ. ಆದ್ರ ಕಾಲು ನೋಡ್ರಿ, ಕಾಲು ಹೇಳಾಕ ಹತ್ತೈತಿ…”

ಅಪ್ಪ ತೋಳು ಬಿಚ್ಚಿ ಅಂಗಿಯನ್ನು ನನ್ನ ಕೈಗೆ ಕೊಟ್ಟ. “ಪಾಳಿ ಮುಗೀಲಿ. ಆಮ್ಯಾಲೆ ನೋಡೋಣು.” ನಾನು ಅಂಗಿಯನ್ನು ಮತ್ತೆ ಗೂಟಕ್ಕೆ ಹಾಕಿದೆ.

ನಮ್ಮ ಪಾಳಿ ಬಂತು. ಗಾಣದ ಮನೆಯಲ್ಲಿ ದೊಡ್ಡ ಕೊಪ್ಪರಿಗೆ, ಕೆಳಗೆ ಒಣ ಸಿಪ್ಪೆಯ ಬೆಂಕಿ, ಮೇಲೆ ಕುದಿಯುವ ಹಾಲಿನ ನೊರೆ. ಕಬ್ಬಿನ ರಸಕ್ಕೆ ನಾವು ಹಾಲು ಎನ್ನುತ್ತೇವೆ. ಮಕ್ಕಳೆಲ್ಲ ಕಬ್ಬಿನ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು, ಹುರಿದ ಶೇಂಗಾ ಒತ್ತಿಕೊಂಡು ತಿನ್ನುತ್ತಿದ್ದೆವು. ಅಪ್ಪ ಕಂಬಕ್ಕೆ ಒರಗಿ ನಿಂತು ಪಾಕ ನೋಡುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ ಬೆಂಕಿಯ ಪಕ್ಕದಲ್ಲೇ ನಿಂತು ಗದಗದ ನಡುಗತೊಡಗಿದ. “ಚಳಿ ಭಾಳ ಐತಲ್ಲ ಇವತ್ತು” ಎಂದ. ನನ್ನ ಕೈಯಲ್ಲಿ ಬೆಲ್ಲ ಇತ್ತು. ಆ ಬೆಲ್ಲವನ್ನು ಏನು ಮಾಡಿದೆನೋ ನೆನಪಿಲ್ಲ.

ಬಸ್ಸಿಗೆ ಕಾಯಲಿಲ್ಲ. ಹಂಡ ಕೆಂಚರನ್ನೇ ಗಾಡಿಗೆ ಕಟ್ಟಿದರು. ನೊಗ ಕೂತದ್ದು ಹೊಸ ಚರ್ಮದ ಮೇಲೆಯೇ. ಅಪ್ಪನ ಕಾಲು ಅಜ್ಜಿಯ ತೊಡೆಯ ಮೇಲಿತ್ತು. ಅಜ್ಜಿಯ ಸೆರಗಿನ ತುದಿಯಲ್ಲಿ ಸೊಪ್ಪು ಕಟ್ಟಿತ್ತು, ಆದರೆ ಅವಳು ಗಂಟು ಬಿಚ್ಚಲಿಲ್ಲ. ಮಾವ ಗಾಡಿಯ ಪಕ್ಕ ಓಡುತ್ತಿದ್ದ. ಕಾಲುವೆ ತಿರುಗುವವರೆಗೆ ನಾನು ನೋಡಿದೆ. ಮುಂದಿನದು ಅವ್ವ ಹೇಳಿದ್ದು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತಂತೆ. ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ನಂಜು ಮೇಲೇರಿತ್ತು. ಜೀವ ಉಳಿಯಿತು. ಬಲಗಾಲಿನ ಬೆರಳುಗಳನ್ನೂ ಅವುಗಳ ಹಿಂದಿನ ಸ್ವಲ್ಪ ಭಾಗವನ್ನೂ ತೆಗೆದರು. ಹಿಂದಿನ ವಾರವೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಮಾವ ಡಾಕ್ಟರನ್ನು ಕೇಳಿದನಂತೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರಂತೆ ಅವರು.

ಮಾವ ಬಳ್ಳಾರಿಗೆ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಜ್ಜಿಯ ಎದುರು ಕೂತಿದ್ದ. ನಾನು ಪಕ್ಕದಲ್ಲೇ ಇದ್ದೆ. “ಅತ್ತೀ, ಅವತ್ತು ಯಾಕ ಹೇಳಿದ್ರಿ? ಸುಮ್ಮನಿದ್ದಿದ್ರ ಭಾವ ಬಸ್ ಹತ್ತಿದ್ರು.”

ಅಜ್ಜಿ ಹೇಳಿದಳು: “ನೀನು ಸುಳ್ಳು ಲೆಕ್ಕಾ ತಗೊಂಡು ಕಾಲೇಜಿಗೆ ಹೋಗ್ತಿದ್ದೆಲ್ಲಪಾ. ಅಷ್ಟು ದಿನಾ ಕಷ್ಟಪಟ್ಟಿ. ಅಲ್ಲಿ ನಾಕು ಮಂದಿ ಮುಂದ ನೀನು ಹಂಗ ಹೇಳಬಾರದಿತ್ತು.”

ಮಾವನ ತಟ್ಟೆಯಲ್ಲಿದ್ದ ರೊಟ್ಟಿ ಹಾಗೆಯೇ ಉಳಿಯಿತು. ವರ್ಷಗಳ ಮೇಲೆ ನಾನು ಅದೇ ಪ್ರಶ್ನೆ ಕೇಳಿದಾಗ ಅಜ್ಜಿ, ಸೊಪ್ಪಿನ ಮೇಲೆ ಇಲ್ಲದ ಅಪವಾದ ಬರಬಾರದಿತ್ತು ಎಂದಳು. ಅವ್ವನಿಗೆ ಅಜ್ಜಿ, “ನನಗ ಏನೂ ಹೊಳೀಲಿಲ್ಲ, ಬಾಯಿಗೆ ಬಂತು, ಅಂದೆ” ಎಂದಿದ್ದಳು. ಮೂರೂ ನಿಜವಿರಬಹುದು. ಅವಳು ಕೆಂಚನನ್ನು ಹಾಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದೂ ಯೋಚಿಸಿದ್ದೇನೆ. ಸೊಪ್ಪು ಖರೇ ಎಂದೇ ತೀರ್ಮಾನವಾಗಿ, ಅಪ್ಪ ಸೊಪ್ಪನ್ನೇ ನಂಬಿ ಮನೆಯಲ್ಲಿ ಉಳಿದು, ಬೆರಳಲ್ಲ, ಅಪ್ಪನೇ ಹೋಗುತ್ತಿದ್ದನೇನೋ. ಹಾಗಿದ್ದರೆ ಅವಳ ಕರುಣೆ ಒಳ್ಳೆಯದು ಮಾಡಿತು, ಅವಳ ಪ್ರಾಮಾಣಿಕತೆ ಕೆಟ್ಟದ್ದು ಮಾಡಿತು ಎನ್ನಬೇಕೆ? ಹಾಗೆ ಬರೆದು ನೋಡಿದರೆ ಅದೂ ಸರಿ ಕಾಣುವುದಿಲ್ಲ. ಅಪ್ಪ ಯಾರನ್ನೂ ದೂರಲಿಲ್ಲ. ಚಪ್ಪಲಿಯ ಮುಂಭಾಗಕ್ಕೆ ಬಟ್ಟೆ ತುರುಕಿಕೊಂಡು ಕೊನೆಯವರೆಗೂ ಹೊಲಕ್ಕೆ ಹೋದ. ಸೂಜಿ ಚುಚ್ಚಿಸಿಕೊಳ್ಳುವಾಗ ಮಾತ್ರ, “ಹಂಡಗೂ ಒಂದು ಚುಚ್ಚರೆಪಾ, ನೋಡ್ತೈತಿ” ಎಂದು ನಗುತ್ತಿದ್ದ.

ಅಜ್ಜಿ ಆಮೇಲೆಯೂ ಬಂದವರಿಗೆ ಸೊಪ್ಪು ಹಚ್ಚುತ್ತಿದ್ದಳು. ಆದರೆ ಮೊದಲು ಬಗ್ಗಿ ಗಾಯವನ್ನು ಮೂಸುವಳು. ಕೆಲವರಿಗೆ ಬೆಲ್ಲ ಕೊಟ್ಟು ನೇರ ದವಾಖಾನೆಗೆ ಕಳಿಸುವಳು. ಮಾವ ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಅದೇ ಥರದ ಕೆಲಸ ಮಾಡಿದ. ಗಾಯದ ಸೊಪ್ಪಿನ ಗತಿ ಏನಾಯಿತೆಂದು ಕೇಳಿದರೆ, ಗುಣ ಇದೆ, ಎಷ್ಟಿದೆಯೆಂದು ಹೇಳುವುದು ಕಷ್ಟ ಎನ್ನುತ್ತಿದ್ದ. “ಇಲಿಗಳ ಮ್ಯಾಲೆ ಮಾಡೋದು ಸುಲಭ ಗೌರೀ. ಪಾಪ ಅಂತ ಹಚ್ಚೋರು ಯಾರೂ ಇರಂಗಿಲ್ಲ.”

ಈಗ ನಮ್ಮೂರಲ್ಲಿ ಕಬ್ಬು ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ಗಾಣಗಳು ಒಂದೊಂದಾಗಿ ನಿಂತವು. ಜೋಡಿ ಎತ್ತು ಕಟ್ಟಿದ ಮನೆ ನಾನು ಹೋದಾಗ ಕಾಣಲಿಲ್ಲ. ಮಕ್ಕಳ ಕಾಲಲ್ಲಿ ಚಪ್ಪಲಿ ಇದೆ, ಒಳ್ಳೆಯದೇ. ಸೊಪ್ಪು ದಂಡೆಯ ಮೇಲೆ ಹಾಗೆಯೇ ಹೂಬಿಟ್ಟುಕೊಂಡಿದೆ, ಅದೇನೂ ಕಳೆದುಹೋಗಿಲ್ಲ.

ಮೊನ್ನೆ ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡೆ. ಡಾಕ್ಟರು ಒಂದು ಮುಲಾಮು ಬರೆದುಕೊಟ್ಟರು. ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಹಚ್ಚಿದೆ. ಮಾಯಿತು. ಯಾವುದರಿಂದ ಮಾಯಿತೆಂಬ ಅನುಮಾನ ಈ ಸಲ ಬರಲೇ ಇಲ್ಲ. ನನಗೆ ಗೊತ್ತಿಲ್ಲದಂತೆ ಇನ್ನೇನಾದರೂ ಹಚ್ಚುವವರು ಮನೆಯಲ್ಲಿ ಯಾರೂ ಇರಲಿಲ್ಲ.